ಎರಡನೆಯ ಪುಟವನ್ನೂ ಓದು, ಮಗಳೇ

ಸಕಲೇಶಪುರ
ಜೂನ್ 7

ಪ್ರೀತಿಯ ಮಗಳಿಗೆ,

ನಿನ್ನೆ ರಾತ್ರಿ ನೀನು, "ನಿಮಗೆ ಯಾವುದು ಸರಿ ಅನ್ನಿಸುತ್ತದೋ ಅಲ್ಲಿಗೇ ಸೇರುತ್ತೇನೆ ಬಿಡಮ್ಮ" ಎಂದು ಹೇಳಿ ಫೋನ್ ಇಟ್ಟುಬಿಟ್ಟೆ. ಆ ಮಾತಿನಲ್ಲಿ ಒಪ್ಪಿಗೆಗಿಂತ ಬೇಸರವೇ ಹೆಚ್ಚಿದ್ದುದು ನನಗೆ ತಿಳಿಯಿತು. ಬೆಂಗಳೂರಿನ ವಿಶ್ವವಿದ್ಯಾಲಯದಿಂದಲೂ ಶುಲ್ಕ ಮನ್ನಾ ಮಾಡುವ ಮೈಸೂರಿನ ಕಾಲೇಜಿನಿಂದಲೂ ನಿನಗೆ ಪ್ರವೇಶದ ಪತ್ರಗಳು ಬಂದ ಮೇಲೆ, ಮೂರು ವಾರಗಳಿಂದ ಹೀಗೇ ಆಗುತ್ತಿದೆ. ನೀನು ಬೆಂಗಳೂರಿನ ಹೆಸರೆತ್ತಿದರೆ ಅಪ್ಪ ಸುಮ್ಮನಾಗುತ್ತಾರೆ; ಅಪ್ಪ ಸುಮ್ಮನಾದರೆಂದು ನೀನೂ ಸುಮ್ಮನಾಗುತ್ತೀಯೆ. ಫೋನಿನಲ್ಲಿ ಅಂಕಿಗಳನ್ನು ಹೇಳಿದರೆ ಅವು ಗದರಿಕೆಯಂತೆ ಕೇಳಿಸುತ್ತವೆ. ಕಾಗದದ ಮೇಲೆ ಬರೆದರೆ ನೀನು ನಿಧಾನವಾಗಿ ನೋಡಬಹುದು, ತಪ್ಪಿದ್ದರೆ ತಿದ್ದಬಹುದು. ಆದ್ದರಿಂದ ಬರೆಯುತ್ತಿದ್ದೇನೆ.

ಮೊದಲು ನಮ್ಮ ಮನೆಯ ಲೆಕ್ಕ. ನಿನಗೆ ಇದನ್ನು ಇದುವರೆಗೆ ಪೂರ್ತಿಯಾಗಿ ಹೇಳಿರಲಿಲ್ಲ, ಅದು ನಮ್ಮ ತಪ್ಪು. ನನ್ನ ಸಂಬಳ ಮನೆ, ಅಜ್ಜಿಯ ಔಷಧಿ ಮತ್ತು ತಮ್ಮನ ಶಾಲೆಗೆ ಸರಿಹೋಗಿ ಸ್ವಲ್ಪ ಉಳಿಯುತ್ತದೆ. ಮೂರೂವರೆ ಎಕರೆಯ ರೊಬಸ್ಟಾ ಕಾಫಿ ಮತ್ತು ಮೆಣಸಿನಿಂದ ಬರುವ ಹಣ ವರ್ಷಕ್ಕೊಮ್ಮೆ, ಕೊಯ್ಲು ಮುಗಿದು ಮಾಲು ಒಣಗಿದ ಮೇಲೆ, ಮಾರ್ಚ್ ಏಪ್ರಿಲ್ ಹೊತ್ತಿಗೆ ಕೈಗೆ ಸೇರುತ್ತದೆ. ಅದರಲ್ಲಿ ಗೊಬ್ಬರ, ಆಳುಗಳ ಕೂಲಿ ಕಳೆಯಬೇಕು. ಕಾಫಿ ಗಿಡ ಹೂಬಿಡಲು ಬೇಕಾದ ಹೂ ಮಳೆ ಸರಿಯಾದ ಹೊತ್ತಿಗೆ ಬಾರದಿದ್ದರೆ ಆ ವರ್ಷದ ಲೆಕ್ಕವೇ ಬೇರೆಯಾಗುತ್ತದೆ. ಎಲ್ಲವನ್ನೂ ಸೇರಿಸಿ, ಒಳ್ಳೆಯ ವರ್ಷ ಮತ್ತು ಕೆಟ್ಟ ವರ್ಷಗಳನ್ನು ಸರಿದೂಗಿಸಿ ನೋಡಿದರೆ, ತೋಟವನ್ನು ಮುಟ್ಟದೆ ನಿನ್ನ ಓದಿಗೆ ವರ್ಷಕ್ಕೆ ಎರಡೂವರೆ ಲಕ್ಷ ರೂಪಾಯಿ ಕೊಡಲು ನಮಗೆ ಸಾಧ್ಯ. ನಾಲ್ಕು ವರ್ಷಕ್ಕೆ ಹತ್ತು ಲಕ್ಷ. ಇದನ್ನು ತ್ಯಾಗವೆಂದು ತಿಳಿಯಬೇಡ. ಇದು ನಿನ್ನ ಪಾಲಿಗೆಂದೇ ಇಟ್ಟ ಹಣ, ಇದನ್ನು ಖರ್ಚು ಮಾಡಲು ನೀನು ಸಂಕೋಚಪಡಬೇಕಾಗಿಲ್ಲ.

ಈಗ ಬೆಂಗಳೂರಿನ ವಿಶ್ವವಿದ್ಯಾಲಯದ ಲೆಕ್ಕ. ಬೋಧನಾ ಶುಲ್ಕ 3,20,000, ಹಾಸ್ಟೆಲ್ ಮತ್ತು ಊಟಕ್ಕೆ 1,50,000. ಶುಲ್ಕ ಏರುವುದೇ ಇಲ್ಲವೆಂದು ಹಿಡಿದರೂ ನಾಲ್ಕು ವರ್ಷಕ್ಕೆ 18,80,000 ಆಗುತ್ತದೆ. ನಮ್ಮ ಹತ್ತು ಲಕ್ಷವನ್ನು ಕಳೆದರೆ 8,80,000 ಸಾಲ ಮಾಡಬೇಕು, ಅಂದರೆ ಪ್ರತಿ ವರ್ಷ 2,20,000. ಬ್ಯಾಂಕಿನ ಶಿಕ್ಷಣ ಸಾಲದಲ್ಲಿ ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ, ಆದರೆ ಬಡ್ಡಿ ಮೊದಲ ದಿನದಿಂದಲೇ ಬೆಳೆಯುತ್ತದೆ. ಶೇ. 10ರ ಸರಳ ಬಡ್ಡಿ ಎಂದು ಹಿಡಿದು ನಿನ್ನೆ ಶಾಲೆಯಲ್ಲಿ ಬಿಡುವಿನ ಅವಧಿಯಲ್ಲಿ ಕೂಡಿ ನೋಡಿದೆ. ಮೊದಲ ವರ್ಷದ ಸಾಲಕ್ಕೆ ಐದು ವರ್ಷ, ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಮೂರು, ಕೊನೆಯದಕ್ಕೆ ಎರಡು ವರ್ಷದ ಬಡ್ಡಿ ಸೇರಿ 3,08,000 ಆಗುತ್ತದೆ. ಕಂತು ಆರಂಭವಾಗುವ ದಿನ ನಿನ್ನ ತಲೆಯ ಮೇಲೆ 11,88,000 ಇರುತ್ತದೆ. ಅದನ್ನು ಏಳು ವರ್ಷಗಳಲ್ಲಿ ತೀರಿಸಲು ತಿಂಗಳಿಗೆ ಸುಮಾರು 19,700 ರೂಪಾಯಿ ಕಟ್ಟಬೇಕು.

ನೀನು ಓದಬೇಕೆಂದಿರುವುದು ಭೌತಶಾಸ್ತ್ರ ಆದ್ದರಿಂದಲೇ ಈ ಕಂತು ನನ್ನನ್ನು ಚಿಂತೆಗೀಡು ಮಾಡಿದೆ. ಪದವಿ ಮುಗಿದ ಕೂಡಲೇ ಕಂಪನಿಯ ಕೆಲಸಕ್ಕೆ ಸೇರುವವರಾದರೆ ಸಂಬಳದಿಂದ ಕಂತು ಕಟ್ಟುತ್ತಾರೆ. ನಿನ್ನ ದಾರಿ ಹಾಗಿಲ್ಲ. ಎಂ.ಎಸ್ಸಿ. ಆಗಬೇಕು, ಆಮೇಲೆ ಪಿಎಚ್.ಡಿ. ಸಂಶೋಧನಾ ವಿದ್ಯಾರ್ಥಿಗೆ ಸಿಗುವ ಜೂನಿಯರ್ ರಿಸರ್ಚ್ ಫೆಲೋಶಿಪ್ 2023ರಿಂದ ತಿಂಗಳಿಗೆ 37,000 ರೂಪಾಯಿ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬ್ಯಾಂಕಿಗೆ ಹೋದರೆ ನೀನು ಎಷ್ಟು ದಿನ ಪ್ರಯೋಗಾಲಯದಲ್ಲಿ ನೆಮ್ಮದಿಯಿಂದ ಕೂರುತ್ತೀಯೆ? ಮುಂದಿನ ಓದಿಗಾಗಿ ಕಂತನ್ನು ಇನ್ನಷ್ಟು ಮುಂದೂಡಲು ಬ್ಯಾಂಕು ಒಪ್ಪಿದರೂ ಬಡ್ಡಿ ನಿಲ್ಲುವುದಿಲ್ಲ. ಕನಸಿನ ಕಾಲೇಜಿಗೆ ಸೇರಿ, ಆ ಕಾಲೇಜಿನ ಸಾಲಕ್ಕಾಗಿಯೇ ಭೌತಶಾಸ್ತ್ರವನ್ನು ಬಿಡಬೇಕಾಗಿ ಬಂದರೆ ನನಗೆ ಅದಕ್ಕಿಂತ ದೊಡ್ಡ ನೋವು ಬೇರೆ ಇರಲಾರದು.

ಇಷ್ಟು ಹೇಳಿದ ಮೇಲೆ ಮೈಸೂರಿನ ಪತ್ರವನ್ನು ಕಣ್ಣುಮುಚ್ಚಿ ಒಪ್ಪಿಕೋ ಎನ್ನುತ್ತೇನೆಂದು ನೀನು ಭಾವಿಸಬಹುದು. ಹಾಗೆ ಹೇಳಲಾರೆ, ಅದಕ್ಕೆ ಕಾರಣವೂ ಇದೆ.

1995ರಲ್ಲಿ ನಾನು ಬಿ.ಎಸ್ಸಿ.ಗೆ ಸೇರಿದಾಗ ನನಗೂ ಅಂಕಗಳ ಆಧಾರದ ಮೇಲೆ ಶುಲ್ಕ ವಿನಾಯಿತಿ ಸಿಕ್ಕಿತ್ತು. ಊರಿನಲ್ಲೆಲ್ಲ ಅಪ್ಪ, ಎಂದರೆ ನಿನ್ನ ಅಜ್ಜ, ಹೇಳಿಕೊಂಡು ಬಂದಿದ್ದರು. ಪ್ರತಿ ವರ್ಷ ಶೇ. 75 ಅಂಕ ಬಂದರೆ ಮಾತ್ರ ವಿನಾಯಿತಿ ಮುಂದುವರಿಯುತ್ತದೆ ಎಂಬ ಸಾಲನ್ನು ನಾವಿಬ್ಬರೂ ಓದಿದ್ದೆವು. ಓದಿಯೂ ಅದು ನಮಗೆ ಸಂಬಂಧಿಸಿದ್ದಲ್ಲ ಎಂಬಂತೆ ಮಡಚಿಟ್ಟಿದ್ದೆವು. ಎರಡನೆಯ ವರ್ಷದಲ್ಲಿ ನನಗೆ ಟೈಫಾಯ್ಡ್ ಬಂದು ಆರು ವಾರ ಮಲಗಿದೆ. ಪರೀಕ್ಷೆಯಲ್ಲಿ ಶೇ. 73 ಬಂತು. ಆಸ್ಪತ್ರೆಯ ಚೀಟಿಗಳನ್ನೆಲ್ಲ ಹಿಡಿದುಕೊಂಡು ಹೋಗಿ ಕೇಳಿದರೂ ಕಾಲೇಜು ಒಪ್ಪಲಿಲ್ಲ. ಕೊನೆಯ ವರ್ಷದ ಶುಲ್ಕವನ್ನು ಅಪ್ಪ ಹೇಗೋ ಹೊಂದಿಸಿದರು. ಹೇಗೆಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಅವರು ತೀರಿಕೊಂಡ ಮೇಲೆ ಹಳೆಯ ಲೆಕ್ಕದ ಪುಸ್ತಕಗಳನ್ನು ನೋಡುವಾಗ ಒಂದು ಪುಟದಲ್ಲಿ "ಮಗಳ ಫೀಸು, ಮೆಣಸಿನ ಮುಂಗಡ" ಎಂದು ಬರೆದಿರುವುದು ಸಿಕ್ಕಿತು. ಬಳ್ಳಿಯಲ್ಲಿ ಇನ್ನೂ ಎಳೆಗಾಯಿಯಾಗಿದ್ದ ಮೆಣಸನ್ನು ವ್ಯಾಪಾರಿಗೆ ಮೊದಲೇ ಬೆಲೆ ಕಟ್ಟಿ ಬರೆದುಕೊಟ್ಟಿದ್ದರು. ಕೊಯ್ಲಿನ ಹೊತ್ತಿಗೆ ಧಾರಣೆ ಏರಿತ್ತೆಂದೂ ಅದೇ ಪುಸ್ತಕದ ಮುಂದಿನ ಪುಟಗಳಲ್ಲಿತ್ತು. ಆ ವರ್ಷ ಮನೆಯ ಹಂಚು ಬದಲಿಸಬೇಕೆಂದಿದ್ದರು, ಬದಲಿಸಲಿಲ್ಲ. ಮಳೆಗಾಲದಲ್ಲಿ ಅಡುಗೆಮನೆ ಸೋರುತ್ತಿದ್ದುದಕ್ಕೂ ನನ್ನ ಶುಲ್ಕಕ್ಕೂ ಸಂಬಂಧವಿದ್ದುದು ನನಗೆ ಇಪ್ಪತ್ತು ವರ್ಷಗಳ ಮೇಲೆ ತಿಳಿಯಿತು. ಮುಚ್ಚಿಟ್ಟದ್ದು ಅವರ ಪ್ರೀತಿಯೇ. ಆದರೂ ನಾನು ನಿನಗೆ ಹಾಗೆ ಮಾಡಲಾರೆ.

ಆದ್ದರಿಂದ ಮೈಸೂರಿನ ಪತ್ರದ ಎರಡನೆಯ ಪುಟವನ್ನು ನಾನು ನಾಲ್ಕು ಸಲ ಓದಿದ್ದೇನೆ. ಮೊದಲ ಪುಟದಲ್ಲಿ ನಿನ್ನ 588 ಅಂಕಗಳನ್ನು ಮೆಚ್ಚಿ ಬೋಧನಾ ಶುಲ್ಕವನ್ನು ಸಂಪೂರ್ಣವಾಗಿ ಮನ್ನಾ ಮಾಡಿರುವುದಾಗಿ ಬರೆದಿದ್ದಾರೆ. ಎರಡನೆಯ ಪುಟದಲ್ಲಿ, ವರ್ಷಾಂತ್ಯದಲ್ಲಿ ಸಿಜಿಪಿಎ, ಅಂದರೆ ಎಲ್ಲ ಸೆಮಿಸ್ಟರುಗಳ ಸರಾಸರಿ ಅಂಕ, ಹತ್ತಕ್ಕೆ 8.5ಕ್ಕಿಂತ ಕೆಳಗಿಳಿದರೆ ಮನ್ನಾ ರದ್ದಾಗುತ್ತದೆ ಮತ್ತು ಒಮ್ಮೆ ರದ್ದಾದರೆ ಮರಳಿ ಸಿಗುವುದಿಲ್ಲ ಎಂದಿದೆ. ಮನ್ನಾ ಇದ್ದರೆ ಹಾಸ್ಟೆಲ್ ಮತ್ತು ಊಟಕ್ಕೆ ವರ್ಷಕ್ಕೆ 1,10,000ದಂತೆ ನಾಲ್ಕು ವರ್ಷಕ್ಕೆ 4,40,000. ಮೊದಲ ವರ್ಷದಲ್ಲೇ ಅದು ಕೈತಪ್ಪಿದರೆ ಉಳಿದ ಮೂರು ವರ್ಷಕ್ಕೆ ಬೋಧನಾ ಶುಲ್ಕ 2,20,000ದಂತೆ 6,60,000 ಸೇರಿ ಒಟ್ಟು ಹನ್ನೊಂದು ಲಕ್ಷವಾಗುತ್ತದೆ. ಹಾಗಾದಾಗಲೂ ನಮ್ಮ ಹತ್ತು ಲಕ್ಷಕ್ಕೆ ಒಂದು ಲಕ್ಷ ಮಾತ್ರ ಹೆಚ್ಚು. ಅದನ್ನು ತುಂಬಿಸುವುದು ನನಗೆ ಬಿಟ್ಟದ್ದು. ಮೈಸೂರಿನ ಕಡೆಗೆ ನನ್ನ ಮನಸ್ಸು ವಾಲಿರುವುದು ಅದು ಪುಕ್ಕಟೆ ಎಂಬ ಕಾರಣಕ್ಕಲ್ಲ. ವಿನಾಯಿತಿ ತಪ್ಪಿದರೂ ನೀನು ಅಲ್ಲಿ ಓದು ಮುಗಿಸಬಹುದು, ಆ ಕಾರಣಕ್ಕೆ. ಎಂಟೂವರೆಯ ಭಯದಲ್ಲಿ ನೀನು ಕಷ್ಟದ ವಿಷಯಗಳನ್ನು ಬಿಟ್ಟು ಸುಲಭವಾದುದನ್ನೇ ಆರಿಸಿಕೊಂಡು ಓದುವುದು ಬೇಡ. ಕ್ವಾಂಟಮ್ ಮೆಕ್ಯಾನಿಕ್ಸಿನಲ್ಲಿ ಅಂಕ ಕಡಿಮೆ ಬಂದು ವಿನಾಯಿತಿ ಹೋದರೆ ಹೋಗಲಿ, ಆ ಲೆಕ್ಕವನ್ನು ನಾನು ಈಗಲೇ ಹಾಕಿಟ್ಟಿದ್ದೇನೆ.

ಇದರ ಜೊತೆಗೆ ಇನ್ನೊಂದು ಬಗೆಯ ವಿದ್ಯಾರ್ಥಿವೇತನವಿದೆ, ಅದನ್ನು ನೀನು ಸರಿಯಾಗಿ ಗಮನಿಸಿಲ್ಲವೆಂದು ಕಾಣುತ್ತದೆ. ಕಾಲೇಜು ಕೊಡುವ ವಿನಾಯಿತಿ ಆ ಕಾಲೇಜಿನ ಗೇಟಿನಲ್ಲೇ ಉಳಿಯುತ್ತದೆ. ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2008ರಲ್ಲಿ ಆರಂಭಿಸಿದ ಇನ್‌ಸ್ಪೈರ್ ಯೋಜನೆಯದ್ದು ವಿದ್ಯಾರ್ಥಿಯ ಹಿಂದೆಯೇ ಬರುತ್ತದೆ. ಹನ್ನೆರಡನೆಯ ತರಗತಿಯಲ್ಲಿ ತಮ್ಮ ಮಂಡಳಿಯ ಮೇಲಿನ ಶೇ. 1ರೊಳಗೆ ಬಂದು ಮೂಲವಿಜ್ಞಾನವನ್ನು ಓದುವವರಿಗೆ ವರ್ಷಕ್ಕೆ 80,000 ರೂಪಾಯಿ. ಅದರಲ್ಲಿ 60,000 ಕೈಗೆ, 20,000 ಬೇಸಿಗೆಯ ಸಂಶೋಧನಾ ಯೋಜನೆಗೆ. ಇದಕ್ಕೆ ಕುಟುಂಬದ ಆದಾಯದ ಮಿತಿಯಿಲ್ಲ. ನಮ್ಮಂಥವರಿಗೆ ಅದೇ ದೊಡ್ಡ ವಿಷಯ, ಏಕೆಂದರೆ ಕೇಂದ್ರದ ಇನ್ನೊಂದು ವಿದ್ಯಾರ್ಥಿವೇತನಕ್ಕೆ ಆದಾಯ ನಾಲ್ಕೂವರೆ ಲಕ್ಷ ಮೀರಬಾರದು, ನನ್ನ ಸಂಬಳದ ಚೀಟಿ ಅಲ್ಲಿಯೇ ನಮ್ಮನ್ನು ಹೊರಗಿಡುತ್ತದೆ. ನಿನ್ನ ಅಂಕಗಳು ಶೇ. 1ರ ಗೆರೆಯ ಒಳಗೆ ಬರಬಹುದೆಂದು ನನಗೆ ಆಸೆಯಿದೆ. ಆ ಗೆರೆ ಪ್ರತಿ ವರ್ಷ ಬದಲಾಗುತ್ತದೆ, ಹಣವೂ ಶುಲ್ಕ ಕಟ್ಟುವ ದಿನಕ್ಕೆ ಕೈಗೆ ಬರುವಂಥದ್ದಲ್ಲ, ಹಾಗಾಗಿ ಮೇಲಿನ ಲೆಕ್ಕದಲ್ಲಿ ಅದನ್ನು ಸೇರಿಸಿಲ್ಲ. ಬಂದರೆ ಅದು ನಿನ್ನ ಪುಸ್ತಕಗಳಿಗೂ ಬೇಸಿಗೆಯ ಓಡಾಟಕ್ಕೂ ಇರಲಿ. ಯಾವ ಕಾಲೇಜಿಗೆ ಸೇರಿದರೂ ಅರ್ಜಿ ಹಾಕುವುದನ್ನು ಮಾತ್ರ ಮರೆಯಬೇಡ.

ಇನ್ನು ಬೆಂಗಳೂರಿನ ಬಗ್ಗೆ. ಅದು ನಿನಗೆ ಏಕೆ ಬೇಕೆಂಬುದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಎಂಟನೆಯ ತರಗತಿಯಲ್ಲಿ ಚಿಕ್ಕಮ್ಮನ ಮನೆಗೆ ಹೋಗಿದ್ದಾಗ ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರದ ಆ ದೊಡ್ಡ ಬಿಳಿ ಆಂಟೆನಾಗಳನ್ನು ನೋಡಿ, ಸ್ಕೂಟರ್ ನಿಲ್ಲಿಸು ಎಂದು ಹಟ ಹಿಡಿದವಳು ನೀನು. ಮೂವತ್ತಾರು ಸಾವಿರ ಕಿಲೋಮೀಟರ್ ಎತ್ತರದ ಉಪಗ್ರಹವನ್ನು ಇಲ್ಲಿ ಕುಳಿತು ಅದರ ಜಾಗದಲ್ಲೇ ನಿಲ್ಲಿಸುತ್ತಾರೆಂದು ತಿಳಿದ ದಿನ ರಾತ್ರಿ ನೀನು ಕೇಳಿದ ಪ್ರಶ್ನೆಗಳಿಗೆ ನನಗೂ ಉತ್ತರ ಗೊತ್ತಿರಲಿಲ್ಲ. ಬೆಂಗಳೂರಿನ ಆ ಪ್ರಯೋಗಾಲಯವನ್ನು ನೋಡಿ ಬಂದ ಸಂಜೆ ನಿನ್ನ ಮುಖದಲ್ಲಿ ಅದೇ ಕಳೆ ಇತ್ತು. ಸ್ವತಃ ಸಂಶೋಧನೆ ಮಾಡುವ ಅಧ್ಯಾಪಕರು, ರಾತ್ರಿಯವರೆಗೂ ತೆರೆದಿರುವ ಪ್ರಯೋಗಾಲಯ, ನಿನ್ನಷ್ಟೇ ಹುಚ್ಚಿನಿಂದ ಪ್ರಶ್ನೆ ಕೇಳುವ ಜೊತೆಗಾರರು, ಇವೆಲ್ಲ ನಿಜವಾಗಿಯೂ ಬೆಲೆಯುಳ್ಳವು. ಅದರಲ್ಲೂ ಜೊತೆಗಾರರು. ನನ್ನ ತರಗತಿಯಲ್ಲಿ ಗಣಿತವನ್ನು ಇಷ್ಟಪಟ್ಟು ಓದುವವಳು ನಾನೊಬ್ಬಳೇ ಇದ್ದೆ, ಆ ಒಂಟಿತನ ಏನೆಂದು ನನಗೆ ಗೊತ್ತು.

ಆದರೆ ಅವುಗಳಲ್ಲಿ ಯಾವುದು ಆ ಒಂದೇ ಜಾಗದಲ್ಲಿ ಮಾತ್ರ ಸಿಗುತ್ತದೆ, ಯಾವುದು ಬೇರೆ ದಾರಿಯಿಂದಲೂ ಸಿಗುತ್ತದೆ ಎಂಬುದನ್ನು ಬಿಡಿಸಿ ನೋಡು. ಸಿ.ವಿ. ರಾಮನ್ ಅವರು 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯೂ ಇನ್ನೆರಡು ಅಕಾಡೆಮಿಗಳೂ ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ಯಾವ ಊರಿನ ಕಾಲೇಜಿನವರಾದರೂ ಅರ್ಜಿ ಹಾಕಬಹುದು. ಆಯ್ಕೆಯಾದರೆ ಎರಡು ತಿಂಗಳು ದೊಡ್ಡ ಸಂಸ್ಥೆಯ ವಿಜ್ಞಾನಿಯೊಬ್ಬರ ಬಳಿ ಕೆಲಸ. ಐಐಟಿಗಳ ಎಂ.ಎಸ್ಸಿ.ಗೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸ್ನಾತಕೋತ್ತರ ಓದಿಗೂ ದಾರಿ ತೆರೆಯುವ ಜ್ಯಾಮ್ ಪ್ರವೇಶ ಪರೀಕ್ಷೆಯಲ್ಲಿ ನಿನ್ನ ಕಾಲೇಜಿನ ಹೆಸರಿಗೆ ಅಂಕವಿಲ್ಲ. ಬೆಂಗಳೂರು ಕೈಬಿಟ್ಟು ಹೋಗುವುದಿಲ್ಲ, ಮೂರು ನಾಲ್ಕು ವರ್ಷ ತಡವಾಗಿ, ಸಾಲವಿಲ್ಲದೆ ಸಿಗಬಹುದು.

ಮೂರನೆಯ ದಾರಿಯಾಗಿ ಮೈಸೂರಿನ ಯುವರಾಜ ಕಾಲೇಜಿನ ಮಾತೆತ್ತಿದಾಗ ನೀನು ಮುಖ ಗಂಟಿಕ್ಕಿಕೊಂಡೆ. 1928ರಲ್ಲಿ ಆರಂಭವಾದ, ವಿಜ್ಞಾನ ಕಲಿಸುವ ಕಾಲೇಜು ಅದು, ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಸೇರಿದ್ದು, ಶುಲ್ಕ ನಮ್ಮ ಕೈಗೆಟಕುವಂಥದ್ದು. ಎರಡೂ ಪತ್ರಗಳು ಸರಿಬಾರದಿದ್ದರೆ ಅದು ಇದೆ ಎಂಬ ಧೈರ್ಯದಿಂದ ಉಳಿದ ಇಬ್ಬರನ್ನೂ ಪ್ರಶ್ನೆ ಕೇಳು.

ಬೆಂಗಳೂರಿನವರಿಗೂ ಒಂದು ಪತ್ರ ಬರೆ. ನಮ್ಮ ಆದಾಯ ಇಷ್ಟು, ಕೊಡಬಹುದಾದದ್ದು ಇಷ್ಟು, ನಿಮ್ಮಲ್ಲಿ ಓದಬೇಕೆಂಬ ಆಸೆಯಿದೆ, ಶುಲ್ಕದಲ್ಲಿ ರಿಯಾಯಿತಿ ಸಾಧ್ಯವೇ ಎಂದು ನೇರವಾಗಿ ಕೇಳು. ಅದೇ ಊರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಕುಟುಂಬದ ಆದಾಯವನ್ನು ನೋಡಿ ನೆರವು ಕೊಡುತ್ತಾರೆ; ಅಂಥ ಕ್ರಮ ಇವರಲ್ಲೂ ಇದೆಯೇ ಎಂದು ವಿಚಾರಿಸುವುದರಲ್ಲಿ ಅವಮಾನವೇನೂ ಇಲ್ಲ. ವರ್ಷಕ್ಕೆ ಒಂದೂವರೆ ಲಕ್ಷ ಇಳಿಸಿದರೂ ನಾಲ್ಕು ವರ್ಷದ ಸಾಲ ಮೂರು ಲಕ್ಷದೊಳಗೆ ಬರುತ್ತದೆ. ಅಷ್ಟಾದರೆ ನಾನೇ ನಿನ್ನನ್ನು ಬೆಂಗಳೂರಿಗೆ ಬಿಟ್ಟು ಬರುತ್ತೇನೆ. ಇಳಿಸದಿದ್ದರೆ ಪೂರ್ತಿ ಸಾಲಕ್ಕೆ ಸಹಿ ಹಾಕಲು ನನಗೆ ಮನಸ್ಸಿಲ್ಲ. ಒಂದು ಎಕರೆ ಮಾರುವ ಮಾತನ್ನು ಅಪ್ಪ ಆಡಿದ್ದಾರೆ, ನಾನು ಬೇಡವೆಂದಿದ್ದೇನೆ. ಇದೂ ನಿನಗೆ ತಿಳಿದಿರಲಿ ಎಂದು ಬರೆಯುತ್ತಿದ್ದೇನೆ, ನಿನ್ನ ಮನಸ್ಸಿನ ಮೇಲೆ ಭಾರ ಹಾಕಲು ಅಲ್ಲ. ನಮ್ಮ ಮೇಲಿನ ಕನಿಕರದಿಂದ ಮಾತ್ರ ಮೈಸೂರನ್ನು ಒಪ್ಪಿಕೊಳ್ಳಬೇಡ. ಹಾಗೆ ಒಪ್ಪಿಕೊಂಡವಳು ಮೊದಲ ಕೆಟ್ಟ ಸೆಮಿಸ್ಟರಿನಲ್ಲೇ ನಮ್ಮನ್ನು ದೂರುತ್ತಾಳೆ, ದೂರುವುದು ನ್ಯಾಯವೂ ಆಗುತ್ತದೆ.

ಶುಲ್ಕ ಕಟ್ಟಲು 20ನೆಯ ತಾರೀಖಿನವರೆಗೆ ಸಮಯವಿದೆ. ಶನಿವಾರ ಮಧ್ಯಾಹ್ನದ ಬಸ್ಸಿಗೆ ಬಾ. ಸೋಮವಾರ ನಾನು ರಜೆ ಹಾಕಿದ್ದೇನೆ, ಇಬ್ಬರೂ ಮೈಸೂರಿಗೆ ಹೋಗೋಣ. ಪ್ರವೇಶದ ಕಚೇರಿಯಲ್ಲಿ ಕೂರುವುದಕ್ಕಿಂತ ಭೌತಶಾಸ್ತ್ರ ವಿಭಾಗಕ್ಕೆ ಹೋಗಿ, ಎರಡನೆಯ ವರ್ಷದ ಹುಡುಗಿಯರನ್ನು ಮಾತನಾಡಿಸು. ಪ್ರಯೋಗಾಲಯದ ಉಪಕರಣಗಳನ್ನು ವಿದ್ಯಾರ್ಥಿಗಳೇ ಮುಟ್ಟುತ್ತಾರೆಯೇ, ಸಂದೇಹ ಕೇಳಲು ಅಧ್ಯಾಪಕರ ಕೋಣೆಗೆ ಹೋಗಬಹುದೇ, ಕಳೆದ ವರ್ಷ ಈ ವಿನಾಯಿತಿ ಪಡೆದವರಲ್ಲಿ ಎಷ್ಟು ಮಂದಿ ಈಗಲೂ ಉಳಿಸಿಕೊಂಡಿದ್ದಾರೆ, ಇಷ್ಟನ್ನು ಕೇಳಿ ತಿಳಿದುಕೋ. ಕಾಯಿಲೆ ಬಿದ್ದರೆ ಎಂಟೂವರೆಯ ಷರತ್ತನ್ನು ಸಡಿಲಿಸುತ್ತಾರೆಯೇ ಎಂಬುದನ್ನು ನಾನು ಕೇಳುತ್ತೇನೆ, ಬರವಣಿಗೆಯಲ್ಲಿ ಕೊಡಿ ಎಂದೂ ಕೇಳುತ್ತೇನೆ. ಎಲ್ಲವನ್ನೂ ನೋಡಿದ ಮೇಲೆ ಆ ಜಾಗದಲ್ಲಿ ಜೀವವಿಲ್ಲ ಎಂದು ನಿನಗನ್ನಿಸಿದರೆ ಹೇಳು, ನಾನು ವಾದ ಮಾಡುವುದಿಲ್ಲ.

ಬರುವಾಗ ಎರಡೂ ಪತ್ರಗಳ ಮೂಲಪ್ರತಿ ತಾ. ಮೈಸೂರಿನದರ ಎರಡನೆಯ ಪುಟವನ್ನು ನಾನು ಫೋನಿನಲ್ಲಿ ತೋರಿಸಿದಾಗ ಅಕ್ಷರ ಚಿಕ್ಕದಾಗಿ ಅಪ್ಪನಿಗೆ ಓದಲಾಗಲಿಲ್ಲ. ಭಾನುವಾರ ಬೆಳಿಗ್ಗೆ ನಿನ್ನ ಜೊತೆ ಕುಳಿತು ಅದನ್ನು ಪೂರ್ತಿ ಓದುತ್ತೇನೆಂದು ಹೇಳಿದ್ದಾರೆ.

ಇಂತಿ,
ನಿನ್ನ ಅಮ್ಮ