ಕಿವಿರು ಎತ್ತಿ ನೋಡಿದರೆ ಸಾಲದು: ಮೀನುಗಾರಿಕಾ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ಮೀನು ತಾಜಾ ಇದೆಯೇ ಎಂದು ತಿಳಿಯಲು ತಪಾಸಕರು ಕಿವಿರು ಎತ್ತಿ ಬಣ್ಣ ನೋಡುತ್ತಾರೆ, ಕಣ್ಣಿನ ಹೊಳಪು ನೋಡುತ್ತಾರೆ, ಮೂಸುತ್ತಾರೆ. ಕೊಳೆತ ಮೀನನ್ನು ಹಿಡಿಯಲು ಅಷ್ಟು ಸಾಕು. ಆದರೆ ಅಳಿವೆಯ ಚೌಳು ನೀರಿನ ಮಲೆಟ್ ಮೀನಿನ ಮಾಂಸದಲ್ಲಿ ಕುಳಿತ ಚಪ್ಪಟೆ ಹುಳುವಿನ ಮರಿ ಇದಾವುದಕ್ಕೂ ಸಿಕ್ಕುವುದಿಲ್ಲ. ಈಗತಾನೇ ಬಲೆಯಿಂದ ಬಿಡಿಸಿದ, ಎಲ್ಲರೂ ಮೆಚ್ಚುವ ಮೀನಿನಲ್ಲೂ ಅದು ಜೀವಂತವಾಗಿರುತ್ತದೆ.

ಹೆಟೆರೊಫಿಸ್ ಎಂಬ ಹುಳುವನ್ನೇ ತೆಗೆದುಕೊಳ್ಳಿ. 1851ರಲ್ಲಿ ಕೈರೋದಲ್ಲಿ ಶವಪರೀಕ್ಷೆ ಮಾಡುವಾಗ ಜರ್ಮನ್ ವೈದ್ಯ ಥಿಯೋಡರ್ ಬಿಲ್ಹಾರ್ಜ್ ಅದನ್ನು ಮನುಷ್ಯನ ಕರುಳಿನಲ್ಲಿ ಕಂಡರು. ಬೆಳೆದ ಹುಳುವಿನ ಉದ್ದವೇ 2 ಮಿಲಿಮೀಟರಿಗಿಂತ ಕಡಿಮೆ. ಸೋಂಕು ತಗುಲಿದ ಮನುಷ್ಯ, ನಾಯಿ, ಬೆಕ್ಕು ಅಥವಾ ಮೀನು ತಿನ್ನುವ ಹಕ್ಕಿಯ ಮಲದ ಜೊತೆ ಮೊಟ್ಟೆ ನೀರಿಗೆ ಸೇರುತ್ತದೆ. ಬಸವನಹುಳು ಅದನ್ನು ನುಂಗುತ್ತದೆ. ನೈಲ್ ನದಿಯ ಮುಖಜಭೂಮಿಯಲ್ಲಿ ಈ ಕೆಲಸ ಪಿರೆನೆಲ್ಲಾ ಎಂಬ ಜಾತಿಯದು. ಅದರ ಒಡಲಲ್ಲಿ ಒಂದು ಹಲವಾಗಿ, ಬಾಲವಿರುವ ಮರಿಗಳು ಹೊರಬಂದು ಮೀನನ್ನು ಹುಡುಕಿ ಮೈಯೊಳಗೆ ಹೊಕ್ಕುತ್ತವೆ. ಬಾಲ ಕಳಚಿ, ಸ್ನಾಯುವಿನಲ್ಲಿ ಗೂಡು ಕಟ್ಟಿ, ಆ ಮೀನನ್ನು ಹಸಿಯಾಗಿ ತಿಂದವರ ಕರುಳು ಸೇರಲು ಕಾಯುತ್ತವೆ.

ಈ ಗೂಡು ಬರಿಗಣ್ಣಿಗೆ ಕಾಣದು. ಚಿಟಿಕೆ ಮಾಂಸವನ್ನು ಎರಡು ಗಾಜಿನ ಪಟ್ಟಿಗಳ ನಡುವೆ ಒತ್ತಿ ಸೂಕ್ಷ್ಮದರ್ಶಕದಡಿ ಇಟ್ಟರೆ ಎಳೆಗಳ ನಡುವೆ ದುಂಡನೆಯ ಪೊರೆ ಕಾಣುತ್ತದೆ. ತುಸು ಕಾದರೆ ಒಳಗೆ ಮಡಚಿಕೊಂಡ ಮರಿ ಮಗ್ಗುಲು ಬದಲಿಸುವುದೂ ಕಾಣುತ್ತದೆ. ಪೆಪ್ಸಿನ್ ಎಂಬ ಜೀರ್ಣಕಿಣ್ವ ಮತ್ತು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಮಾಂಸವನ್ನು ಕರಗಿಸಿ, ಉಳಿದ ಗೂಡುಗಳನ್ನು ಎಣಿಸುವ ವಿಧಾನವೂ ಇದೆ. ಇದಕ್ಕೆ ಭಾರಿ ಯಂತ್ರವೇನೂ ಬೇಕಿಲ್ಲ, ಬೇಕಾದದ್ದು ತರಬೇತಾದ ಕಣ್ಣು. ಮರಿಮೀನುಗಳನ್ನು ಸಾಕಣೆ ಕೊಳಕ್ಕೆ ಬಿಡುವ ಮೊದಲೇ ಮಾದರಿ ತೆಗೆದು ಈ ಪರೀಕ್ಷೆ ಮಾಡಿಸಿ.

ಹೊಟ್ಟೆನೋವು, ಭೇದಿ ಎಂದು ಬರುವ ರೋಗಿಗೆ ಪ್ರಾಜಿಕ್ವಾಂಟೆಲ್ ಮಾತ್ರೆ ಕೊಟ್ಟರೆ ಹುಳು ಹೋಗುತ್ತದೆ. ಮತ್ತೆ ಹಸಿ ಮೀನು ತಿಂದರೆ ಮತ್ತೆ ಬರುತ್ತದೆ. ಮಾತ್ರೆ ಹಂಚಿ ಫೋಟೊ ತೆಗೆಸಿಕೊಳ್ಳುವ ಕಾರ್ಯಕ್ರಮ ಸಾಲದು ಎನ್ನುವುದು ಇದಕ್ಕೇ.

ಕೆಲಸ ಆಗಬೇಕಾದದ್ದು ಕೊಳದ ದಂಡೆಯಲ್ಲಿ. ಹಕ್ಕಿಗಳನ್ನು ತಡೆಯಲಾಗದು, ಸರಿ. ಶೌಚದ ನೀರು ಕೊಳಕ್ಕೆ ಹರಿಯದಂತೆ, ಮೀನಿನ ಹಸಿ ತ್ಯಾಜ್ಯ ನಾಯಿ ಬೆಕ್ಕುಗಳ ಬಾಯಿಗೆ ಬೀಳದಂತೆ ಮಾಡುವುದು ನಿಮ್ಮ ಕೈಯಲ್ಲಿದೆ. ಬಸವನಹುಳುವಿಗೆ ವಿಷ ಹಾಕೋಣ ಎಂಬ ಕಡತ ಮೇಜಿಗೆ ಬಂದರೆ ದಯವಿಟ್ಟು ಸಹಿ ಹಾಕಬೇಡಿ. ಅದಕ್ಕೆ ಬಳಸುವ ನಿಕ್ಲೊಸಮೈಡ್ ಮೀನನ್ನೂ ಕೊಲ್ಲುತ್ತದೆ. ಆಮೇಲೆ ಪರೀಕ್ಷಿಸಲು ಮೀನೇ ಉಳಿಯದು!

ಇನ್ನು ಮಾರಾಟದ ಮಾತು. ಉಪ್ಪು ಹಚ್ಚಿದ ಕೂಡಲೇ ಮರಿ ಸಾಯುವುದಿಲ್ಲ, ದಿನಗಟ್ಟಲೆ ಬದುಕಿರುತ್ತದೆ. ಈಜಿಪ್ಟಿನಲ್ಲಿ ವಸಂತದ ಹಬ್ಬಕ್ಕೆ ತಿನ್ನುವ ಫೆಸೀಖ್ ಎಂಬ ಉಪ್ಪುಮೀನಿನಿಂದಲೂ ಸೋಂಕು ಹರಡುತ್ತದೆ. ನಿಂಬೆರಸ, ವಿನೆಗರ್‌ಗಳನ್ನೂ ನಂಬುವಂತಿಲ್ಲ. ಆದ್ದರಿಂದ ಹಸಿಯಾಗಿ ಇಲ್ಲವೇ ತುಸು ಉಪ್ಪು ಹಚ್ಚಿ ತಿನ್ನಲೆಂದು ಮಾರುವ ಅಳಿವೆ ಮೀನನ್ನು ಮೊದಲು ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 7 ದಿನ ಹೆಪ್ಪುಗಟ್ಟಿಸಿಡುವುದು ಕಡ್ಡಾಯವಾಗಲಿ. ತಾಪಮಾನ, ದಿನಾಂಕ ಎರಡೂ ಚೀಟಿಯ ಮೇಲಿರಲಿ.

ಹೆದರಿಕೆಯಿಂದ ಮಾರುಕಟ್ಟೆಗೆ ಬೀಗ ಹಾಕಿಸುವ ಆದೇಶ ಮಾತ್ರ ಬೇಡ. ಒಳಗಿನವರೆಗೂ ಚೆನ್ನಾಗಿ ಬೆಂದ ಮೀನಿನಿಂದ ಈ ಹುಳು ಯಾರಿಗೂ ಹತ್ತುವುದಿಲ್ಲ. ಮೀನು ಹಿಡಿದು ಬದುಕುವವರ ಹೊಟ್ಟೆಯ ಮೇಲೆ ಹೊಡೆಯುವ ಅಗತ್ಯವೂ ಇಲ್ಲ.

ಇಂತಿ,
ಅಳಿವೆ ಮೀನನ್ನು ಇಷ್ಟಪಟ್ಟು ತಿನ್ನುವ ಒಬ್ಬ ನಾಗರಿಕ