ಬಾಡಿಗೆ ಮನೆ ಮತ್ತು ನಾಯಿಯ ತಳಿ: ಮಾಲೀಕರಲ್ಲಿ, ನಿವಾಸಿ ಸಂಘಗಳಲ್ಲಿ ಒಂದು ಕೋರಿಕೆ

ಮಾನ್ಯ ಸಂಪಾದಕರೇ,

ಕಳೆದ ಎರಡೂವರೆ ತಿಂಗಳಲ್ಲಿ ವಿಜಯನಗರದಿಂದ ನಾಗರಬಾವಿಯವರೆಗೆ ನಾನು 19 ಬಾಡಿಗೆ ಮನೆಗಳನ್ನು ವಿಚಾರಿಸಿದ್ದೇನೆ. ಬಾಡಿಗೆಗೂ ಅಡ್ವಾನ್ಸಿಗೂ ಒಪ್ಪಿ, ಇನ್ನೇನು ಕರಾರು ಪತ್ರ ಬರೆಸುವುದು ಎನ್ನುವ ಹಂತಕ್ಕೆ ಬಂದ ಮನೆಗಳೂ ಅವುಗಳಲ್ಲಿದ್ದವು. 17 ಕಡೆ ಮಾತುಕತೆ ನಿಂತದ್ದು ಒಂದೇ ಪ್ರಶ್ನೆಯಲ್ಲಿ. "ಯಾವ ಬ್ರೀಡ್ ಸಾರ್?" ಎಂದು ಕೇಳುತ್ತಾರೆ, "ರಾಟ್‌ವೀಲರ್" ಎಂದು ಹೇಳುತ್ತೇನೆ, ಅಲ್ಲಿಂದ ಮುಂದೆ ಫೋನ್ ಕರೆಗೆ ಉತ್ತರವಿರುವುದಿಲ್ಲ. ಇದು ನನ್ನೊಬ್ಬನ ತೊಂದರೆಯಾಗಿದ್ದರೆ ತಮ್ಮ ಪತ್ರಿಕೆಯ ಜಾಗವನ್ನು ಕೇಳುತ್ತಿರಲಿಲ್ಲ. ಆದರೆ ಇದರ ಹಿಂದೆ ರದ್ದಾಗಿಹೋದ ಒಂದು ಸರ್ಕಾರಿ ಸುತ್ತೋಲೆಯಿದೆ. ಅದರ ಹೆಸರಿನಲ್ಲಿ ಇಂದಿಗೂ ಮನೆಗಳು ಖಾಲಿಯಾಗುತ್ತಿವೆ ಎಂಬ ಕಾರಣಕ್ಕೆ ಬರೆಯುತ್ತಿದ್ದೇನೆ.

ನಮ್ಮ ನಾಯಿಯ ಹೆಸರು ಗೌರಿ. ವಯಸ್ಸು ಆರು ವರ್ಷ, ತೂಕ 42 ಕಿಲೋ. ತೀರ್ಥಹಳ್ಳಿಯ ಕಡೆ ನಮ್ಮ ಅಡಿಕೆ ತೋಟದ ಮನೆಗೆ ತಂದೆಯವರು ಅದನ್ನು ಮರಿಯಾಗಿದ್ದಾಗ ತಂದಿದ್ದರು. ಎರಡು ವರ್ಷದ ಹಿಂದೆ ಅವರು ತೀರಿಕೊಂಡ ಮೇಲೆ ತಾಯಿಯವರನ್ನು ಬೆಂಗಳೂರಿಗೆ ಕರೆದುಕೊಂಡು ಬರಬೇಕಾಯಿತು. ಗೌರಿಯನ್ನು ಬಿಟ್ಟು ಬರಲು ಅವರು ಒಪ್ಪಲಿಲ್ಲ, ಬಿಟ್ಟು ಬನ್ನಿ ಎಂದು ಹೇಳುವ ಮನಸ್ಸು ನನಗೂ ಇರಲಿಲ್ಲ. ಅದಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆಯಾಗಿದೆ, ಪ್ರತಿ ವರ್ಷ ರೇಬೀಸ್ ಲಸಿಕೆ ಹಾಕಿಸುತ್ತೇವೆ, ಬಿಬಿಎಂಪಿ ಇದ್ದಾಗ ವರ್ಷಕ್ಕೆ 110 ರೂಪಾಯಿ ಕಟ್ಟಿ ಪರವಾನಗಿ ಪಡೆದಿದ್ದೇವೆ. ಬೆಳಿಗ್ಗೆ ಐದೂವರೆಗೆ, ರಾತ್ರಿ ಹತ್ತರ ಮೇಲೆ, ಜನ ಕಡಿಮೆ ಇರುವ ಹೊತ್ತಿನಲ್ಲಿ ಮಾತ್ರ ಹೊರಗೆ ಕರೆದೊಯ್ಯುತ್ತೇವೆ. ಮನೆಯ ಹೊಸ್ತಿಲು ದಾಟುವ ಮೊದಲೇ ಮೂತಿಗೆ ಬುಟ್ಟಿಯಂಥ ಮಜಲ್ ಹಾಕುತ್ತೇವೆ. ಕಣದಲ್ಲಿ ತುಳಿಯುವ ಎತ್ತುಗಳಿಗೆ ಕಟ್ಟುವ ಬಾಯಿಕುಕ್ಕೆಯನ್ನು ನೋಡಿ ಬೆಳೆದ ತಾಯಿಯವರು ಇದನ್ನೂ ಕುಕ್ಕೆ ಎಂದೇ ಕರೆಯುತ್ತಾರೆ. ಅಭ್ಯಾಸ ಮಾಡಿಸುವಾಗ ಮೂರು ವಾರ ಅವರು ಅದರೊಳಗೆ ಒಂದು ತುತ್ತು ಮೊಸರನ್ನ ಇಟ್ಟು ಹಿಡಿಯುತ್ತಿದ್ದರು. ಈಗ ಕುಕ್ಕೆಯನ್ನು ಮೊಳೆಯಿಂದ ತೆಗೆದ ಸದ್ದಾದರೆ ಗೌರಿ ತಾನೇ ಬಂದು ಮೂತಿಯನ್ನು ಒಳಗಿಟ್ಟು ನಿಲ್ಲುತ್ತದೆ; ಪಟ್ಟಿ ಬಿಗಿಯುವವರೆಗೆ ಅಲುಗಾಡುವುದಿಲ್ಲ.

ಈಗಿರುವ ಮನೆಯ ಮಾಲೀಕರಿಗೆ ನಮ್ಮಿಂದ ಯಾವ ದೂರೂ ಇಲ್ಲ. ಅವರಿಗೆ ಅಪಾರ್ಟ್‌ಮೆಂಟ್ ಸಂಘದಿಂದ ಒಂದು ಪತ್ರ ಬಂತು. "ಕೇಂದ್ರ ಸರ್ಕಾರ ನಿಷೇಧಿಸಿರುವ ತಳಿಯ ನಾಯಿ ನಿಮ್ಮ ಬಾಡಿಗೆದಾರರ ಬಳಿ ಇರುವುದು ಗಮನಕ್ಕೆ ಬಂದಿದೆ" ಎಂದು ಅದರಲ್ಲಿ ಬರೆದಿತ್ತು. ಗೌರಿ ಯಾರನ್ನಾದರೂ ಕಚ್ಚಿತು, ಅಟ್ಟಿಸಿಕೊಂಡು ಹೋಯಿತು, ರಾತ್ರಿಯೆಲ್ಲ ಬೊಗಳಿತು ಎಂಬ ಒಂದು ಸಾಲೂ ಇರಲಿಲ್ಲ. ಹನ್ನೊಂದು ತಿಂಗಳ ಕರಾರು ಮುಗಿದ ಕೂಡಲೇ ಮನೆ ಬಿಟ್ಟುಕೊಡಿ ಎಂದು ಮಾಲೀಕರು ಬಹಳ ಸಂಕೋಚದಿಂದಲೇ ಹೇಳಿದರು. ಅವರ ಮೇಲೆ ನನಗೆ ಬೇಸರವಿಲ್ಲ.

ಆ ಪತ್ರ ಹೇಳುವ ನಿಷೇಧದ ವಿಷಯಕ್ಕೆ ಬರುತ್ತೇನೆ. 2024ರ ಮಾರ್ಚ್ 12ರಂದು ಕೇಂದ್ರದ ಪಶುಸಂಗೋಪನಾ ಇಲಾಖೆಯು ಪಿಟ್‌ಬುಲ್, ರಾಟ್‌ವೀಲರ್, ಕೇನ್ ಕೊರ್ಸೊ ಮೊದಲಾದ 23 ತಳಿಗಳ ಆಮದು, ಸಂತಾನಾಭಿವೃದ್ಧಿ, ಮಾರಾಟಗಳನ್ನು ತಡೆಯುವಂತೆ ರಾಜ್ಯಗಳಿಗೆ ಸುತ್ತೋಲೆ ಕಳುಹಿಸಿದ್ದು ನಿಜ. ಆದರೆ ಈಗಾಗಲೇ ಮನೆಗಳಲ್ಲಿರುವ ನಾಯಿಗಳಿಗೆ ಸಂತಾನಹರಣ ಮಾಡಿಸಬೇಕೆಂದು ಆ ಸುತ್ತೋಲೆ ಹೇಳಿತ್ತೇ ಹೊರತು ಅವುಗಳನ್ನು ಮನೆಯಿಂದ ಹೊರಹಾಕಬೇಕೆಂದು ಹೇಳಿರಲಿಲ್ಲ. ಅಷ್ಟಕ್ಕೂ ಆ ಸುತ್ತೋಲೆ ನಮ್ಮ ರಾಜ್ಯದಲ್ಲಿ ಒಂದು ತಿಂಗಳೂ ಉಳಿಯಲಿಲ್ಲ. ಮಾರ್ಚ್ ತಿಂಗಳಲ್ಲೇ ಅದಕ್ಕೆ ತಡೆ ಬಂತು. ಏಪ್ರಿಲ್ 10ರಂದು ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರ ಪೀಠವು ಸಂಬಂಧಪಟ್ಟವರ ಅಭಿಪ್ರಾಯವನ್ನೇ ಕೇಳದೆ ಹೊರಡಿಸಿದ ಸುತ್ತೋಲೆಯಿದು ಎಂಬ ಕಾರಣವನ್ನೂ ನೀಡಿ ಅದನ್ನು ರದ್ದುಪಡಿಸಿತು. ಸಾಕುವವರ ಹೊಣೆಗಾರಿಕೆ, ಅವರಿಗೆ ಬೇಕಾದ ತರಬೇತಿಗಳ ಕುರಿತೂ ಆ ತೀರ್ಪು ಮಾತನಾಡಿದೆ. ಕಾನೂನಿನ ಕ್ರಮ ಅನುಸರಿಸಿ ಸರ್ಕಾರ ಮುಂದೆ ಹೊಸ ನಿಯಮ ತರಬಾರದೆಂದೇನೂ ನ್ಯಾಯಾಲಯ ಹೇಳಿಲ್ಲ. ತಂದರೆ ನಾವೂ ಪಾಲಿಸುತ್ತೇವೆ. ಆದರೆ ರದ್ದಾದ ಸುತ್ತೋಲೆಯೊಂದು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮಾತ್ರ ಜೀವಂತವಾಗಿ ಉಳಿದುಕೊಂಡು, ಸಂಘದ ಲೆಟರ್‌ಹೆಡ್ಡಿನ ಮೇಲೆ ಮತ್ತೆ ಕಾನೂನಿನ ರೂಪ ತಾಳುವುದು ನ್ಯಾಯವಲ್ಲ.

ನಿವಾಸಿ ಸಂಘಗಳ ಅಧಿಕಾರದ ಬಗೆಗೂ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯು 2015ರ ಫೆಬ್ರುವರಿಯಲ್ಲೇ ಮಾರ್ಗಸೂಚಿ ಹೊರಡಿಸಿದೆ. ಬಹುಮತದ ಠರಾವು ಮಾಡಿದರೂ ಸಂಘವು ಸಾಕುನಾಯಿಗಳನ್ನು ನಿಷೇಧಿಸುವಂತಿಲ್ಲ, ಸಣ್ಣ ನಾಯಿಗೆ ಒಪ್ಪಿಗೆ ದೊಡ್ಡ ನಾಯಿಗೆ ಇಲ್ಲ ಎಂದು ಭೇದ ಮಾಡುವಂತಿಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿದೆ. ಸ್ವಂತ ಫ್ಲ್ಯಾಟ್ ಇರುವವರು ಈ ಮಾರ್ಗಸೂಚಿಯನ್ನು ಹಿಡಿದು ವಾದಿಸಬಹುದು, ವಾದಿಸಿಯೂ ಇದ್ದಾರೆ. ಬಾಡಿಗೆದಾರನಿಗೆ ಆ ಅನುಕೂಲವಿಲ್ಲ. ತಮ್ಮ ಮನೆಯನ್ನು ಯಾರಿಗೆ ಕೊಡಬೇಕು, ಕರಾರಿನಲ್ಲಿ ಏನು ಬರೆಸಬೇಕು ಎಂಬುದು ಮಾಲೀಕರಿಗೆ ಬಿಟ್ಟದ್ದು, ಅದು ಹಾಗೆಯೇ ಇರಬೇಕು ಎಂಬುದೂ ನನ್ನ ಅಭಿಪ್ರಾಯ. ಸಂಘಕ್ಕೆ ನೇರವಾಗಿ ಮಾಡಲಾಗದ್ದನ್ನು ಮಾಲೀಕರ ಮೇಲೆ ಒತ್ತಡ ತಂದು ಮಾಡಿಸುವುದಕ್ಕೆ ಮಾತ್ರ ನನ್ನ ಆಕ್ಷೇಪ.

ನೆರೆಯವರ ಭಯವನ್ನು ನಾನು ಹಗುರವಾಗಿ ಕಾಣುತ್ತಿಲ್ಲ. 2022ರ ಜುಲೈನಲ್ಲಿ ಲಖನೌದಲ್ಲಿ ವೃದ್ಧೆಯೊಬ್ಬರು ತಮ್ಮದೇ ಮನೆಯ ಪಿಟ್‌ಬುಲ್ ದಾಳಿಯಲ್ಲಿ ಸತ್ತರು. 2024ರ ಮೇ ತಿಂಗಳಲ್ಲಿ ಚೆನ್ನೈನ ಉದ್ಯಾನವೊಂದರಲ್ಲಿ ಎರಡು ರಾಟ್‌ವೀಲರ್‌ಗಳು ಐದು ವರ್ಷದ ಮಗುವಿನ ಮೇಲೆ ಎರಗಿ ತಲೆಗೆ ತೀವ್ರ ಗಾಯ ಮಾಡಿದವು. ಆ ಸುದ್ದಿ ಓದಿದ ದಿನ ನಾನು ಗೌರಿಯ ಸರಪಳಿಯ ಕೊಂಡಿಯನ್ನು ಮೂರು ಸಲ ಪರೀಕ್ಷಿಸಿದ್ದೆ. ಜರ್ಮನಿಯ ರಾಟ್‌ವೈಲ್ ಪಟ್ಟಣದ ಕಟುಕರು ದನ ಅಟ್ಟುವುದಕ್ಕೆ, ಮಾಂಸದ ಗಾಡಿ ಎಳೆಸುವುದಕ್ಕೆ ಬೆಳೆಸಿದ ತಳಿಯಿದು; ದವಡೆಯಲ್ಲಿ ಬಲವಿದೆ, ತನ್ನದೆಂದು ತಿಳಿದದ್ದನ್ನು ಕಾಯುವ ಸ್ವಭಾವವಿದೆ. ಪೊಮೆರೇನಿಯನ್ ಕಚ್ಚುವುದಕ್ಕೂ ಇದು ಕಚ್ಚುವುದಕ್ಕೂ ವ್ಯತ್ಯಾಸವಿದೆ ಎಂಬುದನ್ನು ಸಾಕುವವರು ಮೊದಲು ಒಪ್ಪಿಕೊಳ್ಳಬೇಕು. "ನಮ್ಮದು ಏನೂ ಮಾಡಲ್ಲ ಬನ್ನಿ" ಎನ್ನುತ್ತಾ ಬರಿಮೂತಿಯ ದೊಡ್ಡ ನಾಯಿಯನ್ನು ಲಿಫ್ಟಿಗೆ ತರುವವರಿಂದಲೇ ನಮ್ಮಂಥವರಿಗೆ ಮನೆ ಸಿಗದಂತಾಗಿದೆ. ನಮ್ಮ ಕಟ್ಟಡದ ನಾಲ್ಕನೇ ಮಹಡಿಯ ಅಜ್ಜಿಯೊಬ್ಬರಿಗೆ ನಾಯಿಯೆಂದರೆ ಚಿಕ್ಕಂದಿನಿಂದ ಹೆದರಿಕೆ. ಅವರು ಲಿಫ್ಟಿನಲ್ಲಿದ್ದರೆ ನಾವು ಮೆಟ್ಟಿಲು ಹತ್ತುತ್ತೇವೆ. ಅವರು ಹೆದರುವುದು ತಪ್ಪಲ್ಲ, ಅವರ ಹೆದರಿಕೆಗೆ ತಕ್ಕ ಹಾಗೆ ನಡೆದುಕೊಳ್ಳುವುದು ನಮ್ಮ ಕೆಲಸ.

ಇನ್ನು, ತಳಿಯ ಹೆಸರಿಗೇ ಬಾಗಿಲು ಮುಚ್ಚುವುದರಿಂದ ಆ ಅಜ್ಜಿಯ ಸುರಕ್ಷತೆ ಹೆಚ್ಚುತ್ತದೆಯೇ ಎಂಬುದನ್ನು ನೋಡಬೇಕು. ಮನೆ ತೋರಿಸಿದ ಬ್ರೋಕರ್ ಒಬ್ಬರು ನನ್ನನ್ನು ಪಕ್ಕಕ್ಕೆ ಕರೆದು, "ಲ್ಯಾಬ್ ಮಿಕ್ಸ್ ಅಂತ ಹೇಳ್ಬಿಡಿ ಸಾರ್, ಹೊಸ ವ್ಯಾಕ್ಸಿನ್ ಬುಕ್ ಮಾಡಿಸಿಕೊಳ್ಳಿ, ಎಲ್ಲರೂ ಹಾಗೇ ಮಾಡ್ತಾರೆ" ಎಂದರು. ಅವರು ಹೇಳಿದ್ದು ನನ್ನ ಮೇಲಿನ ಕಾಳಜಿಯಿಂದಲೇ. ಆದರೆ ಹೀಗೆ ಮುಚ್ಚಿಟ್ಟು ಸಾಕುವವರು ನಾಯಿಯನ್ನು ಹೊರಗೆ ಕರೆದೊಯ್ಯಲು ಹಿಂಜರಿಯುತ್ತಾರೆ. ಮಜಲ್ ಹಾಕಿದರೆ ಯಾವ ತಳಿಯೆಂದು ಜನ ಕೇಳುತ್ತಾರೆಂದು ಅದನ್ನೂ ಹಾಕುವುದಿಲ್ಲ. ಪರವಾನಗಿಗೆ ಅರ್ಜಿ ಕೊಡುವುದಿಲ್ಲ. ಬಾಲ್ಕನಿಯಲ್ಲಿ ಹಗಲೆಲ್ಲ ಕಟ್ಟಿಹಾಕಿದ, ಜನರ ಒಡನಾಟವಿಲ್ಲದೆ ಬೆಳೆದ ದೊಡ್ಡ ನಾಯಿ ಎಂದಾದರೊಂದು ದಿನ ಬಾಗಿಲು ತೆರೆದಿದ್ದಾಗ ಹೊರಬಂದರೆ ಆಗುವ ಅನಾಹುತವೇ ದೊಡ್ಡದು.

ಮುಚ್ಚಿಡಲೂ ಆಗದವರು ರಾತ್ರಿ ಹೊತ್ತು ಕಾರಿನಲ್ಲಿ ಊರಾಚೆ ಒಯ್ದು ಬಿಟ್ಟುಬರುತ್ತಾರೆ. ಸಾಕಿದ ಪ್ರಾಣಿಯನ್ನು ಹಸಿವು ನೀರಡಿಕೆಗೆ ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಆದರೆ ಮೊದಲ ಸಲ ಸಿಕ್ಕಿಬಿದ್ದವರಿಗೆ ಕಾಯ್ದೆ ಹೇಳುವ ದಂಡ 10 ರೂಪಾಯಿಯಿಂದ 50 ರೂಪಾಯಿ. ಬೀದಿಗೆ ಬಿದ್ದ ಹಸಿದ ರಾಟ್‌ವೀಲರ್ ಯಾವ ಬಡಾವಣೆಯ ಸಂಘಕ್ಕೂ ಸೇರಿರುವುದಿಲ್ಲ. ಅದರಿಂದ ತೊಂದರೆಗೆ ಸಿಲುಕುವವರು ನಡೆದು ಹೋಗುವ ಬಡವರು, ಕೂಲಿಕಾರರ ಮಕ್ಕಳು.

ಆದ್ದರಿಂದ ನನ್ನ ಕೋರಿಕೆ ಇಷ್ಟೇ: ತಳಿಯ ಹೆಸರಿನ ಬದಲು ದಾಖಲೆಗಳನ್ನು ಕೇಳಿ. ಲಸಿಕೆ ಪುಸ್ತಕ, ಪರವಾನಗಿ, ಸಂತಾನಹರಣವಾಗಿದೆ ಎಂದು ಪಶುವೈದ್ಯರು ಬರೆದುಕೊಟ್ಟ ಚೀಟಿ, ಹಿಂದಿನ ಮನೆಯ ಮಾಲೀಕರ ಒಂದು ಮಾತು, ಇವಿಷ್ಟನ್ನು ನೋಡಲು ಹತ್ತು ನಿಮಿಷ ಸಾಕು. ಮೆಟ್ಟಿಲು, ಲಿಫ್ಟ್, ಅಂಗಳಗಳಲ್ಲಿ ಮಜಲ್ ಮತ್ತು ಗಿಡ್ಡ ಹಗ್ಗ ಕಡ್ಡಾಯ, ಹದಿನೆಂಟು ವರ್ಷ ತುಂಬದವರ ಕೈಗೆ ನಾಯಿಯನ್ನು ಕೊಡುವಂತಿಲ್ಲ, ಮನೆಗೆ ಆದ ಹಾನಿಯನ್ನು ಅಡ್ವಾನ್ಸಿನಲ್ಲಿ ಮುರಿದುಕೊಳ್ಳಬಹುದು, ಯಾರಿಗಾದರೂ ಗಾಯವಾದರೆ ಚಿಕಿತ್ಸೆಯ ಪೂರ್ತಿ ಖರ್ಚು ಬಾಡಿಗೆದಾರನದು ಎಂದು ಕರಾರಿನಲ್ಲೇ ಬರೆಸಿಕೊಳ್ಳಿ. ನನ್ನಂಥವರು ಕಣ್ಣು ಮುಚ್ಚಿ ಸಹಿ ಹಾಕುತ್ತೇವೆ. ತನ್ನ ವಶದಲ್ಲಿರುವ ಪ್ರಾಣಿಯಿಂದ ಜನರ ಜೀವಕ್ಕೆ ಅಪಾಯವಾಗದಂತೆ ನೋಡಿಕೊಳ್ಳದವನಿಗೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಆರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದೆಂದು ಹೇಳುತ್ತದೆ; ಅದನ್ನೂ ಬಳಸಿ.

ನಗರದ ಪಾಲಿಕೆಗಳಿಗೂ ಒಂದು ಮಾತು. 2018ರಲ್ಲಿ ಅಂದಿನ ಬಿಬಿಎಂಪಿ ಫ್ಲ್ಯಾಟಿಗೆ ಒಂದೇ ನಾಯಿ, ಪ್ರತ್ಯೇಕ ಮನೆಗೆ ಮೂರು ಎಂದೂ, ಫ್ಲ್ಯಾಟಿನಲ್ಲಿ ಸಾಕಬಹುದಾದ ತಳಿಗಳು ಇವು ಎಂದೂ ಪಟ್ಟಿ ಮಾಡಿ ಉಪನಿಯಮ ತರಲು ಹೋಗಿ, ವಿರೋಧ ಬಂದಾಗ ಕೈಬಿಟ್ಟಿತು. ಮತ್ತೆ ಅಂಥ ಪಟ್ಟಿಯ ದಾರಿ ಹಿಡಿಯುವ ಬದಲು, ಬಲಿಷ್ಠ ತಳಿಯ ನಾಯಿ ಸಾಕುವವರಿಗೆ ಕಡ್ಡಾಯ ತರಬೇತಿಯನ್ನೂ ಪಶುವೈದ್ಯರಿಂದ ವರ್ಷಕ್ಕೊಮ್ಮೆ ಸ್ವಭಾವ ತಪಾಸಣೆಯನ್ನೂ ಪರವಾನಗಿಯ ಭಾಗವಾಗಿಸಿದರೆ, ಮಾಲೀಕರಿಗೂ ಸಂಘಗಳಿಗೂ ನಂಬಿ ಒಪ್ಪಿಕೊಳ್ಳಲು ಒಂದು ಆಧಾರ ಸಿಗುತ್ತದೆ. ಅದರ ಖರ್ಚನ್ನು ನಾವೇ ಭರಿಸುತ್ತೇವೆ.

ನಾನು ವಿಚಾರಿಸಿದ 19 ಮನೆಗಳಲ್ಲಿ ಒಂದರ ಮಾಲೀಕರು, ನಾಗರಬಾವಿಯ ನಿವೃತ್ತ ಶಿಕ್ಷಕರು, ತಳಿಯ ಹೆಸರು ಕೇಳಿದ ಮೇಲೂ ಫೋನ್ ಇಡಲಿಲ್ಲ. ಲಸಿಕೆ ಯಾವಾಗ ಹಾಕಿಸಿದ್ದು, ನೀವು ಕೆಲಸಕ್ಕೆ ಹೋದರೆ ಮನೆಯಲ್ಲಿ ಯಾರಿರುತ್ತಾರೆ, ಅಪರಿಚಿತರು ಬೆಲ್ ಮಾಡಿದರೆ ಏನು ಮಾಡುತ್ತದೆ ಎಂದೆಲ್ಲ ಕೇಳಿ, ಮರುದಿನ ಸಂಜೆ ನಮ್ಮ ಮನೆಗೇ ಬಂದರು. ತಾಯಿಯವರು ಕೊಟ್ಟ ಕಾಫಿ ಕುಡಿಯುತ್ತಾ ಮುಕ್ಕಾಲು ಗಂಟೆ ಕೂತು ಗೌರಿಯನ್ನು ಗಮನಿಸಿದರು; ಹೊರಡುವಾಗ, ಒಂದು ತಿಂಗಳ ಅಡ್ವಾನ್ಸ್ ಹೆಚ್ಚು ಕೊಟ್ಟರೆ ತಮ್ಮ ಅಡ್ಡಿಯಿಲ್ಲ, ಸಂಘದವರ ಜೊತೆ ಮಾತಾಡುತ್ತೇನೆ ಎಂದರು. ಬರುವ ಭಾನುವಾರ ಆ ಸಂಘದ ಸಭೆಯಿದೆ. ಗೌರಿಯ ದಾಖಲೆಗಳ ಪ್ರತಿಗಳನ್ನೂ ಹೈಕೋರ್ಟ್ ತೀರ್ಪಿನ ಪ್ರತಿಯನ್ನೂ ಅವರಿಗೆ ತಲುಪಿಸಿದ್ದೇನೆ. ಸಭೆಯವರು ಅನುಮತಿ ಕೊಟ್ಟರೆ ನಾನೇ ಬಂದು ಅವರ ಪ್ರಶ್ನೆಗಳಿಗೆ ಉತ್ತರಿಸುತ್ತೇನೆ.

ಇತಿ,
ತಮ್ಮ ಪತ್ರಿಕೆಯ ಓದುಗ,
ವಿಜಯನಗರ, ಬೆಂಗಳೂರು