ಕೃತಿಸ್ವಾಮ್ಯದ ಹೆಸರಿನ ತಡೆ: ಸದಸ್ಯರ ಗಮನಕ್ಕೆ

ಮಾನ್ಯ ಸದಸ್ಯರೇ,

ಚಲನಚಿತ್ರಗಳ ಪೈರಸಿ ತಡೆಯಲು ಕೇಂದ್ರ ಸರ್ಕಾರವು 2023ರ ನವೆಂಬರ್‌ನಲ್ಲಿ ದೂರು ಪಡೆದು ಕ್ರಮ ಕೈಗೊಳ್ಳುವ 12 ನೋಡಲ್ ಅಧಿಕಾರಿಗಳನ್ನು ನೇಮಿಸಿದ್ದು, ಅವರ ನಿರ್ದೇಶನ ತಲುಪಿದ 48 ಗಂಟೆಗಳೊಳಗೆ ಜಾಲತಾಣಗಳು ಆಯಾ ಲಿಂಕ್‌ಗಳನ್ನು ತೆಗೆಯಬೇಕು. ಕಳ್ಳ ಪ್ರತಿಗಳನ್ನು ನಾವು ಸಮರ್ಥಿಸುವುದಿಲ್ಲ. ಅವನ್ನು ಈ ಗುಂಪಿನಲ್ಲಿಯೂ ಹಂಚಬಾರದು. ಆದರೆ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ವಿಮರ್ಶೆಗೆ, ಸಂಶೋಧನೆಗೆ ನ್ಯಾಯಯುತ ಬಳಕೆಯನ್ನು ಒಪ್ಪಿರುವಾಗ, ಯಾವುದು ನ್ಯಾಯಯುತವೆಂದು ತೂಗಬೇಕಾದವರು ನ್ಯಾಯಾಧೀಶರೇ ಹೊರತು ಅಧಿಕಾರಿಗಳಲ್ಲ. ನಾಳೆ ಇದೇ ಪದ್ಧತಿ ಸಂಗೀತಕ್ಕೂ ವಿಸ್ತರಿಸಿದರೆ, ಕೊಡಗಿನ ಸುಗ್ಗಿ ಹಬ್ಬವಾದ ಪುತ್ತರಿಯಂದು ಐನ್‌ಮನೆಯ (ಮನೆತನದ ಮೂಲ ಮನೆಯ) ಅಂಗಳದಲ್ಲಿ ಹಿರಿಯರು ದುಡಿ ಬಾರಿಸುತ್ತಾ ಹಾಡಿದ, ಯಾರೊಬ್ಬರ ಸ್ವತ್ತೂ ಅಲ್ಲದ ಹಾಡಿನ ವಿಡಿಯೊ ಒಂದು ತಪ್ಪು ದೂರಿನಿಂದ ಅಳಿದುಹೋಗಬಹುದು. ಅದಕ್ಕಾಗಿ ಕೊಡಗಿನ ಬೆಳೆಗಾರರೊಬ್ಬರು ದೆಹಲಿಯವರೆಗೆ ಅಲೆಯಬೇಕೇ? ತೆಗೆಸುವ ಮುನ್ನ ಹಾಕಿದವರ ಅಹವಾಲು ಕೇಳಬೇಕೆಂಬ ಮನವಿಯನ್ನು ಸಂಸದರಿಗೆ ಸಲ್ಲಿಸಲಿದ್ದೇವೆ. ಸಹಿ ಹಾಕುವವರು ಭಾನುವಾರದೊಳಗೆ ಅಡ್ಮಿನ್‌ಗೆ ತಿಳಿಸಬೇಕಾಗಿ ವಿನಂತಿ.